ಸರಪಳಿ ಹಿಡಿದವರು, ಓಲೆ ಓದಿದವರು

ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಇರುವ ರಸ್ತೆಗೆ ಪಂಪಮಹಾಕವಿಯ ಹೆಸರಿದೆ. ಹತ್ತನೆಯ ಶತಮಾನದ ಜೈನಕವಿಯ ಹೆಸರು ಇಂದಿನ ಆಟೋ ಚಾಲಕರ ಬಾಯಲ್ಲಿ, ಅಂಚೆಯ ವಿಳಾಸಗಳಲ್ಲಿ ದಿನವೂ ಉಳಿದುಬರುತ್ತಿರುವುದು ಸಣ್ಣ ಸಂಗತಿಯಲ್ಲ. ಬಸವನಗುಡಿಗೆ ಹೋದರೆ ಡಿ.ವಿ.ಜಿ. ರಸ್ತೆ ಎದುರಾಗುತ್ತದೆ. ಮಲ್ಲೇಶ್ವರದಲ್ಲಿ ಕಾಡುಮಲ್ಲೇಶ್ವರನ ಗುಡಿಯ ಬಳಿಯ ಬಂಡೆಯ ಮೇಲೆ ಏಕೋಜಿಯ 1669ರ ಶಾಸನವು ಮೇದರನಿಂಗನಹಳ್ಳಿ ಎಂಬ ಮರೆತ ಊರಿನ ಹೆಸರನ್ನು ಇಂದಿಗೂ ಹೇಳುತ್ತಿದೆ. ಬೆಂಗಳೂರಿನ ಹಳೆಯ ಬಡಾವಣೆಗಳು ಮರೆವಿನ ಬಡಾವಣೆಗಳೆಂದು ದೂರುವುದು ಹಾಗಾಗಿ ಪೂರ್ತಿ ನ್ಯಾಯವಲ್ಲ. ಅವು ಕೆಲವರನ್ನು ಚೆನ್ನಾಗಿಯೇ ನೆನೆದಿವೆ. ಯಾರನ್ನು ನೆನೆದಿಲ್ಲವೆಂಬುದನ್ನು ಕೇಳಿದಾಗ ಮಾತ್ರ ವಿಷಯ ತೊಡಕಾಗುತ್ತದೆ.

ಪಂಪನ ಕಾಲದ ಲಿಪಿಯನ್ನು ಓದಬಲ್ಲವರು ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೆ ಬೆರಳೆಣಿಕೆಯಷ್ಟೇ ಉಳಿದಿದ್ದರು. ಅವರಲ್ಲಿ ಒಬ್ಬ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಮೈಸೂರು ಸೀಮೆಯನ್ನು ಅಳೆಯಲು ಬಂದ ಕಾಲಿನ್ ಮೆಕೆಂಜಿಯ ತಂಡದಲ್ಲಿ ಹಳಗನ್ನಡ ಶಾಸನಗಳನ್ನು ಓದಿ ಅರ್ಥ ಹೇಳಿದವನು ಈತ. ಕನ್ನಡ ಸಾಹಿತ್ಯ ಚರಿತ್ರೆಯ ಸಾಮಾನ್ಯ ವಿದ್ಯಾರ್ಥಿಗೆ ಈ ಹೆಸರು ಗೊತ್ತಿರುವುದಿಲ್ಲ. ಗೊತ್ತಿದ್ದರೂ ಮೆಕೆಂಜಿಯ ಹೆಸರಿನ ಹಿಂದೆ ಅಂಟಿಕೊಂಡ ಒಂದು ಅಡಿಟಿಪ್ಪಣಿಯಾಗಿ ಮಾತ್ರ. 1799ರಿಂದ ಮುಂದಿನ ಒಂದು ದಶಕದಲ್ಲಿ ಮೈಸೂರು ಸೀಮೆಯಲ್ಲಿ ನಡೆದ ಮೂರು ಮಹಾಶೋಧಗಳ ಸ್ಮರಣೆಯ ಪ್ರಶ್ನೆ ಬಂದಾಗಲೆಲ್ಲ ಈ ಅಡಿಟಿಪ್ಪಣಿಯನ್ನು ಮೊದಲು ಓದಬೇಕಾಗಿದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪುವಿನ ರಾಜ್ಯ ಕಂಪನಿ, ನಿಜಾಮ ಮತ್ತು ಮರುಸ್ಥಾಪಿತ ಮೈಸೂರು ಅರಸುಮನೆತನಗಳ ನಡುವೆ ಹಂಚಿಕೆಯಾಯಿತು. ಹಂಚಬೇಕಾದರೆ ಎಲ್ಲೆ ಗೊತ್ತಿರಬೇಕು, ಎಲ್ಲೆ ಗೊತ್ತಾಗಬೇಕಾದರೆ ನೆಲವನ್ನು ಅಳೆಯಬೇಕು. ಹೀಗೆ ಒಂದೇ ಗಳಿಗೆಯಲ್ಲಿ ಮೂವರು ಮೂರು ಬಗೆಯ ಕೆಲಸ ಹೊತ್ತು ಹೊರಟರು. ಮೆಕೆಂಜಿ ಮೈಸೂರು ಸರ್ವೆಯನ್ನು ಕೈಗೆತ್ತಿಕೊಂಡನು. ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಫ್ರಾನ್ಸಿಸ್ ಬುಕಾನನ್ 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು, ಮೇ ತಿಂಗಳಲ್ಲಿ ಬೆಂಗಳೂರಿಗೆ ಬಂದು, ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ 1801ರ ಜುಲೈಯಲ್ಲಿ ಪ್ರವಾಸ ಮುಗಿಸಿದನು. ಅವನ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಪೇಟೆಯ ನೇಕಾರರು, ಬಣ್ಣಗಾರರು, ದವಸದ ಬೆಲೆ, ಟಿಪ್ಪುವಿನ ತೋಟದ ಚೌಕಾಕಾರದ ಪಾತಿಗಳು ಇವೆಲ್ಲವೂ ಅದರಲ್ಲಿವೆ. ಮೂರನೆಯವನು ವಿಲಿಯಂ ಲ್ಯಾಂಬ್ಟನ್. ಶ್ರೀರಂಗಪಟ್ಟಣದ ಯುದ್ಧದಲ್ಲಿ ಪಾಲ್ಗೊಂಡಿದ್ದ ಈ ಸೈನ್ಯಾಧಿಕಾರಿ ಮುಂದಿಟ್ಟ ಯೋಜನೆ, ದಕ್ಷಿಣ ಭಾರತವನ್ನು ಪೂರ್ವದ ಕರಾವಳಿಯಿಂದ ಪಶ್ಚಿಮದ ಕರಾವಳಿಯವರೆಗೆ ತ್ರಿಕೋನಗಳ ಜಾಲದಿಂದ ಹೊಲಿಯುವುದಾಗಿತ್ತು. ಮದರಾಸು ಸರ್ಕಾರ 1800ರಲ್ಲಿ ಅದಕ್ಕೆ ಒಪ್ಪಿಗೆಯಿತ್ತಿತು.

ತ್ರಿಕೋನಮಾಪನದ ತರ್ಕ ಸರಳ. ಒಂದು ಬಾಹುವಿನ ಉದ್ದವನ್ನು ನೆಲದ ಮೇಲೆ ನಿಜವಾಗಿ ಅಳೆದು, ಎರಡು ತುದಿಗಳಿಂದ ದೂರದ ಬೆಟ್ಟವೊಂದರ ಕಡೆಗಿನ ಕೋನಗಳನ್ನು ನೋಡಿದರೆ ಉಳಿದೆರಡು ಬಾಹುಗಳನ್ನು ಲೆಕ್ಕದಿಂದಲೇ ಪಡೆಯಬಹುದು. ಹಾಗೆ ಪಡೆದ ಬಾಹುವೇ ಮುಂದಿನ ತ್ರಿಕೋನಕ್ಕೆ ಆಧಾರ. ಆದುದರಿಂದ ಮೊತ್ತಮೊದಲ ಆಧಾರರೇಖೆಯಲ್ಲಿ ಅಂಗುಲದ ತಪ್ಪಾದರೂ ಅದು ಕಡಲಿನವರೆಗೆ ಬೆಳೆಯುತ್ತ ಹೋಗುತ್ತದೆ. ಲ್ಯಾಂಬ್ಟನ್ ಆ ಮೊದಲ ರೇಖೆಯನ್ನು ಅಳೆದುದು ಬೆಂಗಳೂರಿನಲ್ಲಿ. 1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಅಗರದ ಕಡೆಯಿಂದ ಬಾಣಸವಾಡಿಯ ಕಡೆಗೆ, ಸುಮಾರು ಏಳೂವರೆ ಮೈಲಿ. ಬಳಸಿದುದು ನೂರು ಅಡಿ ಉದ್ದದ ಉಕ್ಕಿನ ಸರಪಳಿ; ಎರಡೂವರೆ ಅಡಿಯ ನಲವತ್ತು ಕೊಂಡಿಗಳು. ಚೀನದ ಅರಸನಿಗೆ ಕಾಣಿಕೆಯಾಗಿ ಹೊರಟ ಮೆಕಾರ್ಟ್ನಿಯ ನಿಯೋಗದೊಂದಿಗೆ ಹೋಗಿ, ಅಲ್ಲಿ ಬೇಡವಾಗಿ, ಕಲ್ಕತ್ತದ ದಾರಿಯಾಗಿ ಲ್ಯಾಂಬ್ಟನ್ನನ ಕೈಸೇರಿದ ಸರಪಳಿ ಅದು. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಉಷ್ಣಮಾಪಕ ನೋಡಿ ತಿದ್ದುಪಡಿ ಮಾಡಬೇಕಿತ್ತು. ಚೀನದ ಚಕ್ರವರ್ತಿಗೆ ಬೇಡವಾದ ವಸ್ತು ಅಗರದ ಕೆರೆಯ ಆಸುಪಾಸಿನ ರಾಗಿಯ ಸೀಮೆಯಲ್ಲಿ ಭೂಮಂಡಲದ ಆಕಾರವನ್ನು ಅಳೆಯಲು ತೊಡಗಿತೆಂಬುದು ಇತಿಹಾಸದ ವಿನೋದಗಳಲ್ಲಿ ಒಂದು.

ಭಾರತದ ರಾಷ್ಟ್ರೀಯ ಸರ್ವೇಕ್ಷಣಾ ದಿನವನ್ನು ಏಪ್ರಿಲ್ 10ರಂದು ಆಚರಿಸುತ್ತಾರೆ. 1802ರ ಅದೇ ದಿನ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿಯ ಆಧಾರರೇಖೆಯ ಅಳತೆ ಆರಂಭವಾಯಿತು. ಮಹಾ ತ್ರಿಕೋನಮಾಪನ ಸರ್ವೇಕ್ಷಣೆಯ ಅಧಿಕೃತ ಹುಟ್ಟು ಅಂದಿನಿಂದ. ಬೆಂಗಳೂರಿನ 1800ರ ರೇಖೆ ಈ ಲೆಕ್ಕದಲ್ಲಿ ಪೂರ್ವರಂಗ. ಇದರಲ್ಲಿ ಅನ್ಯಾಯವಿದೆಯೆಂದು ಕನ್ನಡಿಗರು ಕೂಗಾಡಬೇಕಾಗಿಲ್ಲ. ಅರ್ಧ ಟನ್ ತೂಕದ ದೊಡ್ಡ ಥಿಯೋಡೊಲೈಟ್ ಅಷ್ಟರಲ್ಲಿ ಬಂದಿರಲಿಲ್ಲ. ಅದನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್ಸಿಗೆ ಒಯ್ದಿದ್ದರು. ಒಳ್ಳೆಯ ಉಪಕರಣ ಬಂದ ಮೇಲೆ ಲ್ಯಾಂಬ್ಟನ್ನನೇ ಹೊಸದಾಗಿ ಆರಂಭಿಸಲು ನಿರ್ಧರಿಸಿದನು. ಆದರೆ ಅದೇ ಸರ್ವೇಕ್ಷಣೆ ಮತ್ತೆ ಬೆಂಗಳೂರಿಗೆ ಬಂದಿತೆಂಬುದನ್ನು ಮರೆಯಬಾರದು. ಮದರಾಸಿನಿಂದ ತ್ರಿಕೋನಗಳನ್ನು ಹೆಣೆಯುತ್ತ ಇಲ್ಲಿಗೆ ತಲುಪಿದಾಗ, ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸಲು 1804ರಲ್ಲಿ ಬೆಂಗಳೂರಿನ ಬಳಿ ಎರಡನೆಯ ಆಧಾರರೇಖೆಯನ್ನು ಅಳೆದರು. ಲೆಕ್ಕದಿಂದ ಬಂದ ಉದ್ದಕ್ಕೂ ಸರಪಳಿಯಿಂದ ಬಂದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ಇಡೀ ವಿಧಾನದ ಮೇಲೆ ನಂಬಿಕೆ ಹುಟ್ಟಿದುದು ಇಲ್ಲಿ. ಅಲ್ಲಿಂದ ಮುಂದೆ ಮಂಗಳೂರಿನವರೆಗೆ ಜಾಲ ಹೋಯಿತು. ನಕ್ಷೆಗಳಲ್ಲಿ 400 ಮೈಲಿ ಅಗಲವಿದ್ದ ಪರ್ಯಾಯ ದ್ವೀಪ ನೆಲದ ಮೇಲೆ 360 ಮೈಲಿ ಮಾತ್ರವೆಂದು ತಿಳಿಯಿತು. ನಲವತ್ತು ಮೈಲಿಗಳಷ್ಟು ಇಲ್ಲದ ನೆಲ ಕಾಗದದಿಂದ ಅಳಿಸಿಹೋಯಿತು. ಪ್ರಾರಂಭದ ತಾರೀಖು ಮದರಾಸಿನದೇ ಇರಲಿ, ಪ್ರಮಾಣದ ತಾರೀಖು ಬೆಂಗಳೂರಿನದು.

ಆ ರೇಖೆಯ ದಿಕ್ಕಿನಲ್ಲಿ ಇಂದು ಹೋಗುವವರಿಗೆ ದೊಮ್ಮಲೂರು, ಇಂದಿರಾನಗರಗಳ ದಟ್ಟಣೆ ಮಾತ್ರ ಕಾಣುತ್ತದೆ. ಅಗರದಲ್ಲಿ ಗಂಗರ ಕಾಲದ, ಕೆರೆಯ ಕೆಲಸವನ್ನು ಹೇಳುವ ಶಾಸನವಿದೆ. ದೊಮ್ಮಲೂರಿನ ಚೊಕ್ಕನಾಥನ ಗುಡಿಯಲ್ಲಿ ತಮಿಳು ಶಾಸನಗಳಿವೆ. ಇನ್ನೂ ಸ್ವಲ್ಪ ತೆಂಕಣಕ್ಕೆ ಬೇಗೂರಿನಲ್ಲಿ ‘ಬೆಂಗಳೂರು’ ಎಂಬ ಹೆಸರನ್ನು ಹೊತ್ತ ವೀರಗಲ್ಲು ನಿಂತಿದೆ. ಸರಪಳಿಯ ತಂಡ ಇವುಗಳ ನೆರೆಯಲ್ಲೇ ಹಾದುಹೋಯಿತು. ಅಂದರೆ ಆ ನೆಲ ಅಳತೆಗೆ ಸಿಕ್ಕುವ ಮೊದಲೇ ಬರೆಹಕ್ಕೆ ಸಿಕ್ಕ ನೆಲವಾಗಿತ್ತು. ಲ್ಯಾಂಬ್ಟನ್ನನಿಗೆ ಅದನ್ನು ಓದುವ ಅಗತ್ಯವಿರಲಿಲ್ಲ; ಅವನಿಗೆ ಬೇಕಾದುದು ಬೆಟ್ಟದ ತುದಿ, ಕೆರೆಯ ಏರಿ, ಗುಡಿಯ ಗೋಪುರ. ಓದುವ ಅಗತ್ಯ ಬಿದ್ದುದು ಮೆಕೆಂಜಿಗೆ.

ಮೆಕೆಂಜಿ ಸ್ಕಾಟ್ಲೆಂಡಿನ ವಾಯುವ್ಯಕ್ಕಿರುವ ಲೂಯಿಸ್ ದ್ವೀಪದಲ್ಲಿ ಹುಟ್ಟಿದವನು. ಸುಮಾರು 40,000 ಚದರ ಮೈಲಿಗಳ ಸರ್ವೆಯಲ್ಲಿ ಅವನು ಎಲ್ಲೆಕಲ್ಲುಗಳನ್ನಷ್ಟೇ ನೋಡಲಿಲ್ಲ. ಒಂದು ಊರಿಗೆ ಆ ಹೆಸರೇಕೆ, ಈ ಕೆರೆಯನ್ನು ಕಟ್ಟಿಸಿದವರಾರು, ಈ ಪಾಳೆಯಗಾರನ ವಂಶಾವಳಿ ಏನು ಎಂದು ಕೇಳಿಸಿದನು. ಅವನಿಗೆ ದೇಶಭಾಷೆಗಳು ಬರುತ್ತಿರಲಿಲ್ಲ. ಆದುದರಿಂದ ಕೇಳಿದವರು ಬೇರೆ, ಉತ್ತರ ಹೇಳಿದವರು ಬೇರೆ, ಬರೆದವರು ಬೇರೆ. ಕಾವಲಿ ವೆಂಕಟ ಬೋರಯ್ಯ ಈ ವ್ಯವಸ್ಥೆಯನ್ನು ಕಟ್ಟಿದವನು. 1803ರಲ್ಲಿ ಅವನು ಅಕಾಲದಲ್ಲಿ ತೀರಿಕೊಂಡ ಮೇಲೆ ತಮ್ಮನಾದ ಲಕ್ಷ್ಮಯ್ಯ ಆ ಹೊಣೆಯನ್ನು ಹೊತ್ತನು. ಊರೂರಿನ ಶಾನುಭೋಗರು ತಮ್ಮ ಕಡತಗಳನ್ನು ಬಿಚ್ಚಿದರು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಮೆತ್ತಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕವೇ ಕಡತ. ವಿಧಾನಸೌಧದಲ್ಲಿ ಇಂದು ಮೇಜಿನಿಂದ ಮೇಜಿಗೆ ತೆವಳುವ ಫೈಲಿಗೂ ಅದೇ ಹೆಸರೆಂಬುದನ್ನು ನೆನೆದರೆ, ಆ ಪದವಾದರೂ ಬದುಕಿ ಉಳಿಯಿತಲ್ಲ ಎಂದು ಸಮಾಧಾನಪಡಬಹುದು.

ಹೀಗೆ ಕಲೆಹಾಕಿದ ಸ್ಥಳವೃತ್ತಾಂತಗಳೇ ಕೈಫಿಯತ್ತುಗಳು. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 1994ರಲ್ಲಿ ಪ್ರಕಟವಾಗುವವರೆಗೆ ಈ ಸಾಮಗ್ರಿಯ ದೊಡ್ಡ ಭಾಗ ಕನ್ನಡ ಓದುಗರ ಕಣ್ಣಿಗೆ ಬಿದ್ದಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದ ಕನ್ನಡ ಗದ್ಯ ಬಡವಾಗಿತ್ತೆಂದು ಸಾಹಿತ್ಯ ಚರಿತ್ರೆಗಳಲ್ಲಿ ಬರೆಯುವುದು ರೂಢಿ. ಕೈಫಿಯತ್ತುಗಳನ್ನು ಓದಿದವರು ಆ ಮಾತನ್ನು ಅಷ್ಟು ಸುಲಭವಾಗಿ ಬರೆಯಲಾರರು. ಮರಾಠಿ, ಪಾರಸಿ ಪದಗಳು ಬೆರೆತ, ಕ್ರಿಯಾಪದಗಳನ್ನು ಸಾಲುಸಾಲಾಗಿ ಪೋಣಿಸಿಕೊಂಡು ನಡೆಯುವ, ವಂಶ, ದಾನ, ಜಗಳ, ಬರಗಾಲಗಳನ್ನು ಒಂದೇ ಉಸಿರಿನಲ್ಲಿ ಹೇಳುವ ಆ ಗದ್ಯಕ್ಕೆ ಮುದ್ದಣನ ಹೊಳಪಿಲ್ಲ, ನಿಜ. ಆದರೆ ಊರಿನ ಹಿರಿಯನೊಬ್ಬ ಅಧಿಕಾರದ ಎದುರು ಕುಳಿತು, ಎಷ್ಟು ಹೇಳಬೇಕು ಎಷ್ಟು ಮುಚ್ಚಬೇಕು ಎಂದು ಅಳೆಯುತ್ತ ಮಾತಾಡಿದ ಧ್ವನಿ ಅದರಲ್ಲಿದೆ. ಸರ್ವೆಯವನು ನೆಲವನ್ನು ಅಳೆಯುತ್ತಿದ್ದಾಗ ಊರಿನವನು ಸರ್ವೆಯವನನ್ನು ಅಳೆಯುತ್ತಿದ್ದನು.

ಧರ್ಮಯ್ಯನ ಸ್ಥಾನ ಇವರೆಲ್ಲರಿಗಿಂತ ಭಿನ್ನ. ತಂಡದ ಇತರರು ಬಾಯಿಮಾತನ್ನು ಬರೆದುಕೊಂಡರೆ ಇವನು ಕಲ್ಲಿನ ಮಾತನ್ನು ಓದಿದನು. ಹಳಗನ್ನಡದ ಓದು ಆಗ ಜೈನ ಮಠಗಳಲ್ಲಿ, ಬಸದಿಗಳ ಓಲೆಕಟ್ಟುಗಳ ನಡುವೆ ಉಸಿರಾಡುತ್ತಿದ್ದ ವಿದ್ಯೆ. ಪುರಾಣಗಳನ್ನು ಓಲೆಯಲ್ಲಿ ಪ್ರತಿಮಾಡಿಕೊಂಡು ಬಂದ ಪರಂಪರೆಯೇ ಶಾಸನಗಳ ಓದಿಗೂ ಕಣ್ಣುಕೊಟ್ಟಿತು. ‘ಏಷಿಯಾಟಿಕ್ ರಿಸರ್ಚಸ್’ನ ಒಂಬತ್ತನೆಯ ಸಂಪುಟದಲ್ಲಿ ಜೈನರನ್ನು ಕುರಿತ ಬರೆಹಗಳು ಒಟ್ಟಿಗೆ ಬಂದವು: ಜೈನ ಅರ್ಚಕನೊಬ್ಬನಿಂದ ಪಡೆದು ಬೋರಯ್ಯ ಅನುವಾದಿಸಿ ಮೆಕೆಂಜಿ ಕಳಿಸಿದ ವಿವರಣೆ, ಬುಕಾನನ್ನನ ದಿನಚರಿಯಿಂದ ಆಯ್ದ ಭಾಗ, ಅವೆರಡರ ಆಧಾರದಲ್ಲಿ ಕೋಲ್‌ಬ್ರೂಕ್ ಮಾಡಿದ ಅವಲೋಕನ. ಯುರೋಪಿನ ವಿದ್ವತ್ತು ಜೈನಧರ್ಮವನ್ನು ಪ್ರತ್ಯೇಕವಾಗಿ ಗಮನಿಸತೊಡಗಿದುದರಲ್ಲಿ ಈ ಸಂಪುಟಕ್ಕೆ ಮೊದಲ ಸಾಲಿನ ಸ್ಥಾನವಿದೆ. ಅದಕ್ಕೆ ಬೇಕಾದ ಸಾಮಗ್ರಿ ಬಹುಪಾಲು ಹೊರಟುದು ಕನ್ನಡ ನಾಡಿನ ದಾರಿಗಳಿಂದ, ಭೂಮಾಪನದ ಡೇರೆಗಳಿಂದ.

1816ರಲ್ಲಿ ಥಾಮಸ್ ಹಿಕಿ ಮದರಾಸಿನಲ್ಲಿ ಮೆಕೆಂಜಿಯ ಚಿತ್ರ ಬರೆದನು. ಇಂದು ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ನಡುವೆ ಕೆಂಪು ಸಮವಸ್ತ್ರದ ಮೆಕೆಂಜಿ. ಸುತ್ತ ಮೂವರು ಭಾರತೀಯರು. ಒಬ್ಬನ ಕೈಯಲ್ಲಿ ದೂರದರ್ಶಕ. ಓಲೆಗರಿಯನ್ನು ಹಿಡಿದವನು ಧರ್ಮಯ್ಯ ಎಂದು ಗುರುತಿಸಲಾಗಿದೆ. ಹಿನ್ನೆಲೆಯ ಬೆಟ್ಟದಲ್ಲಿ ಕಾರ್ಕಳದ ಗೊಮ್ಮಟ. ಇನ್ನೊಂದೆಡೆ ದೂರದಲ್ಲಿ ತ್ರಿಕೋನಮಾಪನಕ್ಕೆ ಗುರುತಾಗಿ ನೆಟ್ಟ ಬುಟ್ಟಿಕಂಬ. ದೂರದರ್ಶಕ ಮತ್ತು ಓಲೆಗರಿ, ಬುಟ್ಟಿಕಂಬ ಮತ್ತು ಗೊಮ್ಮಟ: ಚಿತ್ರಕಾರನಿಗೆ ಆ ಸರ್ವೆಯಲ್ಲಿ ಎರಡು ಬಗೆಯ ವಿದ್ಯೆಗಳಿದ್ದುವೆಂಬುದು ಗೊತ್ತಿತ್ತು. ನಂತರ ಬಂದವರು ಒಂದನ್ನು ಮಾತ್ರ ನೆನಪಿಟ್ಟುಕೊಂಡರು.

ಇದೇ ಮಲೆಯೂರಿನ, ಅಂದರೆ ಕನಕಗಿರಿಯ, ಇನ್ನೊಬ್ಬ ಜೈನ ವಿದ್ವಾಂಸ ದೇವಚಂದ್ರ. ಮೆಕೆಂಜಿಯ ತಂಡದ ಸಂಪರ್ಕ ಅವನ ‘ರಾಜಾವಳಿಕಥೆ’ಯ ಹುಟ್ಟಿಗೆ ಪ್ರೇರಣೆಯಾಯಿತೆಂಬುದು ಸಾಹಿತ್ಯ ಚರಿತ್ರೆಯಲ್ಲಿ ಒಪ್ಪಿತವಾದ ಮಾತು. ಕೃತಿ ಸಿದ್ಧವಾಗುವ ವೇಳೆಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ, ಮೆಕೆಂಜಿ ಸತ್ತು ಹದಿನೈದು ವರ್ಷಗಳ ಮೇಲಾಗಿತ್ತು. ಸರ್ವೆಯ ಪ್ರಶ್ನೆಗೆ ಉತ್ತರವಾಗಿ ಮೊಳೆತುದು ಅರಮನೆಯ ಕೃತಿಯಾಗಿ ಬೆಳೆಯಿತು. ಭದ್ರಬಾಹು ಮತ್ತು ಚಂದ್ರಗುಪ್ತರು ಶ್ರವಣಬೆಳಗೊಳಕ್ಕೆ ಬಂದ ಕಥೆಯನ್ನು ಬಿ.ಎಲ್. ರೈಸ್ 1889ರ ಶ್ರವಣಬೆಳಗೊಳ ಶಾಸನ ಸಂಪುಟದಲ್ಲಿ ಚರ್ಚಿಸುವಾಗ ಬಳಸಿಕೊಂಡ ಆಕರಗಳಲ್ಲಿ ರಾಜಾವಳಿಕಥೆಯೂ ಒಂದು. ಅದರಲ್ಲಿ ಇತಿಹಾಸವೆಷ್ಟು, ಐತಿಹ್ಯವೆಷ್ಟು ಎಂಬ ವಾದ ಅಂದಿನಿಂದ ನಿಂತಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಆದರೆ ಅಗರದ ಹೊಲದಲ್ಲಿ ಬಿದ್ದ ಸರಪಳಿ, ಮಲೆಯೂರಿನ ಬೆಟ್ಟದ ಓಲೆಗರಿ, ಬೆಂಗಳೂರಿನಲ್ಲೇ ಹುಟ್ಟಿದ ರೈಸನ ಎಪಿಗ್ರಾಫಿಯಾ ಕರ್ನಾಟಿಕಾ, ಆರ್. ನರಸಿಂಹಾಚಾರ್ಯರ ಕವಿಚರಿತೆ ಇವು ಬೇರೆ ಬೇರೆ ಕಥೆಗಳಲ್ಲ. ಒಂದೇ ದಾರಿಯ ತಂಗುದಾಣಗಳು. ಕನ್ನಡ ಸಾಹಿತ್ಯದ ಸಂಶೋಧನೆ ಈ ದಾರಿಯ ಮೇಲೆಯೇ ನಡೆದುಬಂದಿದೆ.

ಇಲ್ಲಿ ಒಂದು ಆಕ್ಷೇಪವನ್ನು ನೇರವಾಗಿ ಎದುರಿಸಬೇಕು. ಸರ್ವೆ ನಡೆದುದು ಕಂದಾಯಕ್ಕಾಗಿ, ಸೈನ್ಯಕ್ಕಾಗಿ, ಗೆದ್ದ ನೆಲವನ್ನು ಅಂಗೈಯಲ್ಲಿ ಹಿಡಿಯುವುದಕ್ಕಾಗಿ. ಮ್ಯಾಥ್ಯೂ ಎಡ್ನಿ 1997ರ ತಮ್ಮ ಗ್ರಂಥದಲ್ಲಿ ನಕ್ಷೆಯೇ ಸಾಮ್ರಾಜ್ಯವನ್ನು ಕಲ್ಪಿಸಿಕೊಟ್ಟ ಬಗೆಯನ್ನು ವಿವರಿಸಿದ್ದಾರೆ. ಮೆಕೆಂಜಿ ಸಂಗ್ರಹವು ದೇಶೀಯ ಧ್ವನಿಗಳನ್ನು ಕೂಡಿಟ್ಟು ಬಳಿಕ ಅವುಗಳ ಬಾಯಿ ಕಟ್ಟಿದ ರೀತಿಯನ್ನು ನಿಕೊಲಾಸ್ ಡರ್ಕ್ಸ್ ತೋರಿಸಿದ್ದಾರೆ. ಅಂತಹ ಯಾತ್ರೆಗೆ ಸ್ಮಾರಕವೇಕೆ? ಸ್ವಾತಂತ್ರ್ಯ ಬಂದ ದೇಶ ತನ್ನನ್ನು ಅಳೆದವನ ಹುಟ್ಟುಹಬ್ಬ ಮಾಡಬೇಕೇ?

ಪ್ರಶ್ನೆ ಸಾಧುವಾದುದು. ಆದರೆ ಅದಕ್ಕೆ ಮರೆವು ಉತ್ತರವಲ್ಲ. ಸ್ಮಾರಕವಿಲ್ಲದಿದ್ದರೆ ಲ್ಯಾಂಬ್ಟನ್ನನಿಗೆ ನಷ್ಟವಿಲ್ಲ. ಅವನ ಕೋನಗಳು, ಲೆಕ್ಕಗಳು ಅಚ್ಚಾಗಿವೆ, ಅವನ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕಗಳು ಬರುತ್ತಲೇ ಇವೆ. ನಷ್ಟವಾಗುವುದು ಧರ್ಮಯ್ಯನಿಗೆ, ಲಕ್ಷ್ಮಯ್ಯನಿಗೆ, ಬಾವುಟ ಹಿಡಿದು ಬೆಟ್ಟ ಹತ್ತಿದ ಹೆಸರಿಲ್ಲದ ಆಳುಗಳಿಗೆ. ಫಿಲಿಪ್ ವ್ಯಾಗನರ್ 2003ರ ತಮ್ಮ ಲೇಖನದಲ್ಲಿ ವಾದಿಸಿರುವಂತೆ, ಮೆಕೆಂಜಿಯ ಸಹಾಯಕರು ಬರಿಯ ಬಾತ್ಮೀದಾರರಲ್ಲ. ವಸಾಹತುಪೂರ್ವದ ಆಡಳಿತ ಮತ್ತು ಲಿಪಿವಿದ್ಯೆಯ ಪರಂಪರೆಯಿಂದ ತಮ್ಮದೇ ವಿಧಾನವನ್ನು ತಂದ ಬುದ್ಧಿಜೀವಿಗಳು. ಆ ವಾದ ಕನ್ನಡದ ಸಂದರ್ಭಕ್ಕೆ ಇನ್ನೂ ಹೆಚ್ಚು ಸಲ್ಲುತ್ತದೆ. ಹಳಗನ್ನಡದ ಲಿಪಿಜ್ಞಾನವನ್ನು ಧರ್ಮಯ್ಯನಿಗೆ ಕಲಿಸಿದ ಕಂಪನಿಯ ಶಾಲೆ ಯಾವುದೂ ಇರಲಿಲ್ಲ.

ಲಕ್ಷ್ಮಯ್ಯನ ಪಾಲಿಗೆ ಒದಗಿದುದನ್ನು ಕೂಡ ನೆನೆಯಬೇಕು. ಮೆಕೆಂಜಿ 1821ರಲ್ಲಿ ತೀರಿಕೊಂಡನು. ಸಂಗ್ರಹದ ಪಟ್ಟಿಯನ್ನು ಎಚ್.ಎಚ್. ವಿಲ್ಸನ್ 1828ರಲ್ಲಿ ಕಲ್ಕತ್ತದಲ್ಲಿ ಅಚ್ಚು ಮಾಡಿಸಿದನು. ಅರ್ಧಕ್ಕೆ ನಿಂತ ಕೆಲಸವನ್ನು ತಾನು ಮುಂದುವರಿಸುವೆನೆಂದು ಲಕ್ಷ್ಮಯ್ಯ 1830ರ ದಶಕದಲ್ಲಿ ಬಿನ್ನವಿಸಿಕೊಂಡನು. ಅಶೋಕನ ಲಿಪಿಯನ್ನು ಓದಿ ಕೀರ್ತಿ ಪಡೆದ ಜೇಮ್ಸ್ ಪ್ರಿನ್ಸೆಪ್ ಏಷಿಯಾಟಿಕ್ ಸೊಸೈಟಿಯ ಪರವಾಗಿ ಆ ಬಿನ್ನಹವನ್ನು ತಳ್ಳಿಹಾಕಿದನು. ದೇಶೀಯರ ಸಾಮಾನ್ಯ ಮಟ್ಟಕ್ಕಿಂತ ಮೇಲಿದ್ದರೂ ಇಂತಹ ಕೆಲಸಕ್ಕೆ ಈತನ ಯೋಗ್ಯತೆ ಸಾಲದು ಎಂಬುದು ಅಭಿಪ್ರಾಯದ ತಾತ್ಪರ್ಯ. ಕೆಲಸ ಪಾದ್ರಿ ವಿಲಿಯಂ ಟೇಲರನಿಗೆ ಹೋಯಿತು. ಮೂವತ್ತು ವರ್ಷ ದಾರಿ ಸವೆಸಿದವನಿಗೆ ದಾರಿ ಗೊತ್ತಿಲ್ಲವೆಂದು ಹೇಳಿದ ಹಾಗಾಯಿತು. ವಸಾಹತು ಕಾಲದ ಸಂಸ್ಥೆ ಮಾಡಿದ ಈ ಕಡೆಗಣನೆಯನ್ನು ಸ್ವತಂತ್ರ ಭಾರತದ ಸ್ಮರಣೋತ್ಸವಗಳು ಮತ್ತೊಮ್ಮೆ ಮಾಡಿದರೆ ಅದಕ್ಕೆ ವಸಾಹತುಶಾಹಿಯನ್ನು ಹೊಣೆ ಮಾಡಲಾಗದು.

ಸರ್ವೇಕ್ಷಣೆಯ ದ್ವಿಶತಮಾನೋತ್ಸವ 2002ರಲ್ಲಿ ನಡೆಯಿತು. 2004ರಲ್ಲಿ ಅಂಚೆ ಇಲಾಖೆ ಹೊರತಂದ ಚೀಟಿಗಳಲ್ಲಿ ಎವರೆಸ್ಟಿನ ಎತ್ತರವನ್ನು ಲೆಕ್ಕಹಾಕಿದ ರಾಧಾನಾಥ ಸಿಕ್ದಾರ್ ಮತ್ತು ಟಿಬೆಟ್ಟನ್ನು ಹೆಜ್ಜೆಯಿಂದ ಅಳೆದ ಕುಮಾವೂಂನ ನೈನ್ ಸಿಂಗ್ ಅವರಿಗೆ ಸ್ಥಾನ ದೊರೆಯಿತು. ಅದು ಸರಿಯಾದ ಹೆಜ್ಜೆ. ಬಂಗಾಳ ತನ್ನ ಗಣಿತಜ್ಞನನ್ನು, ಕುಮಾವೂಂ ತನ್ನ ಪಯಣಿಗನನ್ನು ಎತ್ತಿ ಹಿಡಿದವು. ಕನ್ನಡ ನಾಡು ತನ್ನ ಓದುಗನನ್ನು ಎತ್ತಿಹಿಡಿಯಲಿಲ್ಲ. ಬಹುಶಃ ಓದುವುದು ಅನ್ವೇಷಣೆಯೆಂದು ಅನ್ನಿಸಲಿಲ್ಲ.

ನೆಲದ ಮೇಲಿನ ಕುರುಹುಗಳ ಸ್ಥಿತಿಯಂತೂ ಶೋಚನೀಯ. ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ ಮಹಾ ತ್ರಿಕೋನಮಾಪನಕ್ಕೆ ಸೇರಿದ ಪುಟ್ಟ ವೀಕ್ಷಣಾ ಕಟ್ಟಡವೊಂದಿತ್ತು. ಅದು ನೆಲಸಮವಾದ ಸುದ್ದಿ ಈಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಬಂದಿತು. ದೇವರಿಲ್ಲದ ಗುಡಿ, ವಾಸವಿಲ್ಲದ ಮನೆ, ಯಾವ ಅರಸನೂ ಕಟ್ಟಿಸದ ಮಂಟಪ: ಇಂತಹ ಕಟ್ಟಡಕ್ಕೆ ಅಳುವವರು ಕಡಿಮೆ. ಕೆಂಪೇಗೌಡನ ಗೋಪುರಗಳಿಗೆ ಒಂದು ಕಥೆಯಿದೆ, ಆದುದರಿಂದ ಅವು ಉಳಿದಿವೆ. ಸರ್ವೆಯ ಕಲ್ಲಿಗೆ ಕನ್ನಡದಲ್ಲಿ ಕಥೆ ಹೇಳಿದವರಿಲ್ಲ. ಸಂರಕ್ಷಣೆಯ ಕಾನೂನಿಗಿಂತ ಮೊದಲು ಬೇಕಾದುದು ಈ ಕಥೆ. ಅದು ಸಾಹಿತ್ಯದ ಅಧ್ಯಾಪಕರ ಕೆಲಸವೇ ಹೊರತು ಪುರಾತತ್ತ್ವ ಇಲಾಖೆಯದಲ್ಲ.

ಕಥೆಯಿಂದ ಕಲ್ಲು ಉಳಿಯುತ್ತದೆಂಬುದಕ್ಕೆ ಬೆಂಗಳೂರಿನಲ್ಲೇ ನಿದರ್ಶನವಿದೆ. ಹೆಬ್ಬಾಳದಲ್ಲಿ ಚರಂಡಿಯ ಅಗೆತದಲ್ಲಿ ಮೇಲೆದ್ದ ಎಂಟನೆಯ ಶತಮಾನದ ಕಿತ್ತಯ್ಯನ ವೀರಗಲ್ಲನ್ನು 2018ರಲ್ಲಿ ನಾಗರಿಕರೇ ಗುರುತಿಸಿ ಕಾಪಾಡಿದರು. ‘ಪೆರ್ಬೊಳಲ್’ ಎಂಬ ಹಳೆಯ ಹೆಸರು ಅದರಲ್ಲಿದೆಯೆಂದು ತಿಳಿದೊಡನೆ ಊರಿನವರಿಗೆ ಅದು ತಮ್ಮ ಕಲ್ಲಾಯಿತು. ಮಿಥಿಕ್ ಸೊಸೈಟಿಯು ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಡಿಜಿಟಲ್ ರೂಪಕ್ಕೆ ತರುವ ಕೆಲಸ ನಡೆಸಿದೆ. ಸರ್ವೆಯ ಕುರುಹುಗಳನ್ನೂ ಆ ಬಗೆಯ ಕೆಲಸದೊಳಕ್ಕೆ ತರಲು ತಾಂತ್ರಿಕವಾಗಿ ಕಷ್ಟವೇನಿಲ್ಲ.

ಸ್ಮರಣೆಯೆಂದರೆ ಪ್ರತಿಮೆ, ವೃತ್ತ, ಫಲಕ ಎಂದು ತಿಳಿಯುವ ಚಾಳಿ ಈ ನಗರಕ್ಕಿದೆ. ಅಗರದಲ್ಲೊಂದು, ಬಾಣಸವಾಡಿಯಲ್ಲೊಂದು ಲ್ಯಾಂಬ್ಟನ್ ಪ್ರತಿಮೆ ನಿಲ್ಲಿಸಿದರೆ ದಾರಿ ಉಳಿದಂತಾಗುವುದಿಲ್ಲ. ಅವುಗಳ ನಡುವಿನ ಏಳು ಮೈಲಿ ಹಾಗೆಯೇ ಮರೆತಿರುತ್ತದೆ. ಪರಂಪರೆಯ ನಡಿಗೆಗಳು ಈಗ ಜನಪ್ರಿಯವಾಗಿವೆ. ಅವುಗಳಿಂದ ಒಳ್ಳೆಯದೇ ಆಗಿದೆ. ಆದರೆ ಅವು ಬಹುಪಾಲು ಇಂಗ್ಲಿಷಿನಲ್ಲಿ ನಡೆಯುತ್ತವೆ, ಬಸವನಗುಡಿಯಲ್ಲಿ ದೋಸೆಯೊಂದಿಗೆ ಮುಗಿಯುತ್ತವೆ. ದೋಸೆಯ ಬಗ್ಗೆ ತಕರಾರಿಲ್ಲ. ಕಹಳೆಬಂಡೆಯ ಮೇಲೆ, ಲಾಲ್‌ಬಾಗಿನ ಬಂಡೆಯ ಮೇಲೆ ನಿಂತಾಗ ದೂರದ ಬೆಟ್ಟಗಳನ್ನು ಹುಡುಕಿ ತೋರಿಸಿ, ಒಂದು ತ್ರಿಕೋನವನ್ನು ಕಣ್ಣಲ್ಲೇ ಕಟ್ಟಿಸಿ, ಬುಕಾನನ್ ಈ ತೋಟದ ಬಗ್ಗೆ ಬರೆದುದನ್ನೂ ಇದೇ ಕಾಲದ ಒಂದು ಕೈಫಿಯತ್ತನ್ನೂ ಅಕ್ಕಪಕ್ಕದಲ್ಲಿಟ್ಟು ಓದಿಸುವ ಒಂದು ನಡಿಗೆ ಕನ್ನಡದಲ್ಲಿ ಇದ್ದರೆ ಸ್ನಾತಕೋತ್ತರ ವಿದ್ಯಾರ್ಥಿಗೆ ಅದು ಒಂದು ಇಡೀ ಪತ್ರಿಕೆಯಷ್ಟು ಕಲಿಸುತ್ತದೆ. ಆಕರವೆಂದರೇನು, ಅದು ಯಾರ ಕೈಯಿಂದ ಯಾರ ಕೈಗೆ ಬಂದಿತು, ನಡುವೆ ಏನು ಉದುರಿತು ಎಂಬುದನ್ನು ತರಗತಿಯ ಗೋಡೆಗಳ ನಡುವೆ ಅಷ್ಟು ಸ್ಪಷ್ಟವಾಗಿ ಹೇಳುವುದು ಕಠಿಣ.

ದಾರಿಯ ಇನ್ನೊಂದು ಅರ್ಧ ಕಾಗದದ ಮೇಲಿದೆ. ಮೆಕೆಂಜಿ ಸಂಗ್ರಹ ಲಂಡನ್ನಿಗೂ ಚೆನ್ನೈಗೂ ಹಂಚಿಹೋಗಿದೆ. ಚೆನ್ನೈಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿರುವ ಕನ್ನಡ ಸಾಮಗ್ರಿಯನ್ನೂ ಸಹಾಯಕರು ಮೆಕೆಂಜಿಗೆ ಕಾಲಕಾಲಕ್ಕೆ ಕಳಿಸುತ್ತಿದ್ದ ಇಂಗ್ಲಿಷ್ ವರದಿಗಳನ್ನೂ ಜೋಡಿಸಿ ಓದುವ ಕೆಲಸ ಕನ್ನಡದಲ್ಲಿ ಇನ್ನೂ ಬೆಳೆಯಬೇಕಾಗಿದೆ. ಯಾವ ಊರಿನ ವೃತ್ತಾಂತವನ್ನು ಯಾರು, ಯಾವ ತಿಂಗಳು, ಯಾರ ಬಾಯಿಂದ ಬರೆದುಕೊಂಡರು ಎಂಬುದು ಆ ವರದಿಗಳಿಂದ ತಿಳಿಯುತ್ತದೆ. ಆ ತಿಂಗಳುಗಳನ್ನು ನಕ್ಷೆಯ ಮೇಲೆ ಇಟ್ಟರೆ ನಿಜವಾದ ಯಾತ್ರಾಪಥ ಮೂಡುತ್ತದೆ: ಸೇನಾಧಿಕಾರಿಯ ಪಥವಲ್ಲ, ಗುಮಾಸ್ತನ, ಪಂಡಿತನ, ಲಿಪಿಕಾರನ ಪಥ. ಪರಿಷತ್ತು 1915ರಿಂದ ಹಸ್ತಪ್ರತಿ, ನಿಘಂಟು, ಕಾವ್ಯಸಂಪಾದನೆಗಳಲ್ಲಿ ಬೆಳೆದ ಸಂಸ್ಥೆ. ಇಂತಹ ನಕ್ಷೆಗೆ ಪಂಪಮಹಾಕವಿ ರಸ್ತೆಗಿಂತ ಉಚಿತವಾದ ವಿಳಾಸ ಬೇರೆ ಸಿಗಲಾರದು.

ಕನ್ನಡದ ಪಾರಿಭಾಷಿಕ ಪದಗಳ ವಿಷಯವೂ ಇದೆ. ಸರ್ವೇಕ್ಷಣೆಯೆಂಬ ಸಂಸ್ಕೃತ ಪದ ಫಲಕಗಳಲ್ಲಿ ಮೆರೆಯುತ್ತಿದ್ದರೂ ರೈತರ ಬಾಯಲ್ಲಿ ಉಳಿದುದು ಸರ್ವೆ, ಮೋಜಣಿ, ಸರಪಳಿ, ಗುಂಟೆ, ಕರಾಬು, ಬಾಂದುಕಲ್ಲು. ಈ ಪದಗಳಲ್ಲಿ ಹಲವು ಮೆಕೆಂಜಿ ಬರುವ ಮುನ್ನವೇ ಇದ್ದವು. ಏಕೆಂದರೆ ನೆಲ ಅಳೆಯುವ ಕಸುಬು ಅವನಿಗಿಂತ ಹಳೆಯದು. ಗಂಗರ, ರಾಷ್ಟ್ರಕೂಟರ ಶಾಸನಗಳಲ್ಲಿ ದಾನದ ಭೂಮಿಗೆ ಎಲ್ಲೆ ಹೇಳುವ ಭಾಗವನ್ನು ಓದಿದವರಿಗೆ ಇದು ಗೊತ್ತು: ಮೂಡಲು ಹುಣಸೆಯ ಮರ, ತೆಂಕಲು ಹುತ್ತ, ಪಡುವಲು ನಟ್ಟಕಲ್ಲು. ಧರ್ಮಯ್ಯ ಶಾಸನಗಳಲ್ಲಿ ಓದಿದುದರಲ್ಲಿ ಇಂತಹ ಎಲ್ಲೆಗಳೂ ಸೇರಿದ್ದಿರಬೇಕು. ಒಂದು ಮೋಜಣಿಯ ಡೇರೆಯಲ್ಲಿ ಕುಳಿತು ಅವನು ಸಾವಿರ ವರ್ಷ ಹಳೆಯ ಇನ್ನೊಂದು ಮೋಜಣಿಯನ್ನು ಓದುತ್ತಿದ್ದನು.

ಫಲಕ ಹಾಕಲೇಬೇಕೆಂದು ಯಾರಾದರೂ ಹೊರಟರೆ ಅವರಿಗೆ ಹೇಳಬೇಕಾದ ಮಾತುಗಳು ಹೆಚ್ಚಿಲ್ಲ. ಬರೆಹ ಮೊದಲು ಕನ್ನಡದಲ್ಲಿರಲಿ. ಲ್ಯಾಂಬ್ಟನ್, ಮೆಕೆಂಜಿ, ಬುಕಾನನ್ನರ ಹೆಸರುಗಳ ಜೊತೆಯಲ್ಲೇ, ಅದೇ ಅಳತೆಯ ಅಕ್ಷರಗಳಲ್ಲಿ, ಬೋರಯ್ಯ, ಲಕ್ಷ್ಮಯ್ಯ, ಧರ್ಮಯ್ಯರ ಹೆಸರುಗಳಿರಲಿ. ಒಂದು 1800ರ ರೇಖೆಯ ದಾರಿಯಲ್ಲಿರಲಿ, ಒಂದು ಲಾಲ್‌ಬಾಗಿನ ಬಂಡೆಯ ಬಳಿ ಇರಲಿ. ಮೂರನೆಯದು ಬೆಂಗಳೂರಿನಲ್ಲಿ ಬೇಡ. ಚಾಮರಾಜನಗರದ ಕಡೆಗೆ ಹೋಗಿ, ಮಲೆಯೂರಿನಲ್ಲಿ ಇಳಿದು, ಕನಕಗಿರಿಯ ಬೆಟ್ಟ ಹತ್ತುವವರಿಗೆ ಬಂಡೆಗಳ ಮೇಲೆ ಹಳೆಯ ಶಾಸನಗಳು ಸಿಗುತ್ತವೆ. ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೆಯ ಸಂಪುಟದಲ್ಲಿ ಅವುಗಳ ಪಾಠವಿದೆ. ಫಲಕವನ್ನು ಆ ಬಂಡೆಗಳಿಗೆ ತಾಗಿಸದೆ, ಬೆಟ್ಟದ ಬುಡದಲ್ಲಿ ನೆಟ್ಟರೆ ಸಾಕು.